ನೀವು ನಮ್ಮ ಕಡೆಗೆ, ನಾವು ನಿಮ್ಮ ಕಡೆಗೆ: ಅಮೆರಿಕದ ಬೇಟೆ ಬದಲಿ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಟೆಕ್ಸಸ್‌ನವರೊಬ್ಬರು ಕೊಲೊರಾಡೊದವರನ್ನು ತಮ್ಮ ಕಡೆ ಜಿಂಕೆ ಬೇಟೆಗೆ ಕರೆದುಕೊಂಡು ಹೋಗುತ್ತಾರೆ. ಮುಂದಿನ ವರ್ಷ ಕೊಲೊರಾಡೊದವರು ಅವರನ್ನು ಎಲ್ಕ್ ಎಂಬ ದೊಡ್ಡ ಜಾತಿಯ ಜಿಂಕೆಯ ಬೇಟೆಗೆ ಬೆಟ್ಟ ಹತ್ತಿಸುತ್ತಾರೆ. ಯಾರೂ ಯಾರಿಗೂ ದುಡ್ಡು ಕೊಡುವುದಿಲ್ಲ. ಇಲ್ಲಿ ಅಮೆರಿಕದಲ್ಲಿ ಬೇಟೆಗಾರರು ಇದನ್ನು ಹಂಟ್ ಸ್ವಾಪ್, ಅಂದರೆ ಬೇಟೆ ಬದಲಿ, ಅಂತಾರೆ. ನಮ್ಮ ಊರುಗಳ ಮುಯ್ಯಾಳಿನ ಹಾಗೇ ಇದು: ಇವತ್ತು ನಿಮ್ಮ ಗದ್ದೆ ನಾಟಿಗೆ ನಾನು ಬಂದರೆ, ನಾಳೆ ನನ್ನ ಗದ್ದೆಗೆ ನೀವು.

ಇಲ್ಲಿ ನೆಲೆಸಿ ಬೇಟೆ ಕಲಿತ ಕನ್ನಡಿಗರು ಮಾತಿಗೆ ಸಿಕ್ಕಾಗ, ಪತ್ರ ಬರೆದಾಗ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಊರಿನಿಂದ ಕೇಳಿದವರ ಪ್ರಶ್ನೆಯೂ ಇದೆ. ಹೊಸಬರ ಪ್ರಶ್ನೆಗಳು ಮೊದಲು, ಒಂದೆರಡು ಬದಲಿ ಮುಗಿಸಿದವರ ಪ್ರಶ್ನೆಗಳು ಆಮೇಲೆ.

## ಹೊಸಬರಿಗೆ

ದುಡ್ಡು ಕೊಟ್ಟರೆ ಗೈಡ್ ಸಿಗ್ತಾನೆ. ಮತ್ತೆ ಈ ಬದಲಿ ಯಾಕೆ ಬೇಕು?

ದುಡ್ಡಿದ್ದವರು ಗೈಡ್ ಇಟ್ಟುಕೊಳ್ಳಲಿ, ತಪ್ಪೇನಿಲ್ಲ. ಆದರೆ ಪೂರ್ತಿ ಗೈಡ್ ಮಾಡಿದ ಎಲ್ಕ್ ಬೇಟೆಗೆ ಸಾವಿರಾರು ಡಾಲರ್ ಆಗುತ್ತದೆ. ಸಂಬಳದಲ್ಲಿ ಬದುಕುವ ಹೆಚ್ಚಿನವರಿಗೆ ಅದು ಜೀವನದಲ್ಲಿ ಒಮ್ಮೆ ಆಗುವ ಖರ್ಚು.

ಇನ್ನೊಂದು ಕಾರಣ ನನಗೆ ದುಡ್ಡಿಗಿಂತ ದೊಡ್ಡದು. ಬೇಟೆ ಅನ್ನುವುದು ಜಾಗದ ತಿಳಿವಳಿಕೆ. ಗಾಳಿ ಬೆಳಿಗ್ಗೆ ಯಾವ ಕಡೆಗೆ ಇಳಿಯುತ್ತದೆ, ಯಾವ ಹಳ್ಳದ ನೀರು ಅಕ್ಟೋಬರ್‌ನಲ್ಲೂ ಬತ್ತುವುದಿಲ್ಲ, ಹಿಮ ಬಿದ್ದ ಮಾರನೇ ದಿನ ಪ್ರಾಣಿ ಎಲ್ಲಿ ಸೇರುತ್ತದೆ, ಇದೆಲ್ಲ ಅಲ್ಲೇ ವರ್ಷಗಟ್ಟಲೆ ಓಡಾಡಿದವರಿಗೆ ಗೊತ್ತು. ಬದಲಿಯಲ್ಲಿ ಅಂಥವರು ತಮ್ಮ ಜಾಗವನ್ನು ನಿಮಗೆ ಬಿಚ್ಚಿ ತೋರಿಸುತ್ತಾರೆ. ನೀವೂ ಅದನ್ನೇ ಮಾಡುತ್ತೀರಿ. ಇಬ್ಬರೂ ಒಂದೊಂದು ಸಲ ಗುರು, ಒಂದೊಂದು ಸಲ ಶಿಷ್ಯ. ಗಿರಾಕಿ ಮತ್ತು ಗೈಡ್ ನಡುವೆ ಈ ಸಮಾನತೆ ಬರುವುದು ಕಷ್ಟ.

ಬದಲಿಯಲ್ಲಿ ನಿಜವಾಗಿ ಏನು ಕೊಡ್ತೀವಿ, ಏನು ತಗೋತೀವಿ? ಲೈಸೆನ್ಸೂ ಅದರಲ್ಲೇ ಬರುತ್ತಾ?

ಲೈಸೆನ್ಸ್ ಬರುವುದಿಲ್ಲ. ಲೈಸೆನ್ಸ್, ಟ್ಯಾಗ್ (ಒಂದು ಪ್ರಾಣಿ ಹೊಡೆಯಲು ಕೊಡುವ, ಹೊಡೆದ ಮೇಲೆ ಅದಕ್ಕೆ ಹಾಕುವ ಚೀಟಿ) ಎರಡೂ ನಿಮ್ಮ ಹೆಸರಿನಲ್ಲೇ ಇರಬೇಕು, ನೀವೇ ಕೊಳ್ಳಬೇಕು. ಅವುಗಳನ್ನು ಕೈಬದಲು ಮಾಡುವಂತಿಲ್ಲ. ಬದಲಾಗುವುದು ಬೇರೆ ಸಂಗತಿಗಳು: ಆತಿಥೇಯರ ಸಮಯ, ಜಾಗದ ತಿಳಿವಳಿಕೆ, ಕೆಲವು ಕಡೆ ಖಾಸಗಿ ಜಮೀನಿಗೆ ಪ್ರವೇಶ, ಮಲಗಲು ಜಾಗ, ಊಟ, ಗಾಡಿ, ಮಾಂಸ ಹೊರಲು ಇನ್ನೊಂದು ಬೆನ್ನು. ವಿಮಾನದ ಟಿಕೆಟ್ ಮತ್ತು ಲೈಸೆನ್ಸ್ ಖರ್ಚು ಅತಿಥಿಯದು. ಊಟ, ಪೆಟ್ರೋಲನ್ನು ಹಂಚಿಕೊಳ್ಳುವುದು ರೂಢಿ.

ನಾನು ಹೊಸಬ, ನನ್ನ ಹತ್ತಿರ ಕೊಡೋಕೆ ಏನೂ ಇಲ್ವಲ್ಲ?

ಇದನ್ನು ಕೇಳುವವರು ಹೆಚ್ಚಾಗಿ ಟೆಕ್ಸಸ್‌ನವರು! ಕೊಲೊರಾಡೊ, ಮಿನೆಸೋಟದ ಬೇಟೆಗಾರರಿಗೆ ಟೆಕ್ಸಸ್‌ನ ಕಾಡುಹಂದಿ ಎಂದರೆ ಎಷ್ಟು ಆಸೆ ಅಂತ ಇವರಿಗೆ ಗೊತ್ತೇ ಇರುವುದಿಲ್ಲ. ಅಲ್ಲಿ ಹಂದಿಗೆ ಸೀಸನ್ ಇಲ್ಲ, ಮಿತಿ ಇಲ್ಲ. ಜಮೀನಿನವರ ಒಪ್ಪಿಗೆ ಇದ್ದರೆ 2019ರಿಂದ ಖಾಸಗಿ ಜಮೀನಿನಲ್ಲಿ ಅದಕ್ಕೆ ಬೇಟೆ ಲೈಸೆನ್ಸೂ ಬೇಡ. ಉತ್ತರದಲ್ಲಿ ಎರಡಡಿ ಹಿಮ ಇರುವಾಗ, ಫೆಬ್ರವರಿಯಲ್ಲಿ ಅಂಗಿ ತೋಳು ಮಡಚಿಕೊಂಡು ಬೇಟೆ ಆಡುವುದು ಅವರಿಗೆ ಹಬ್ಬ.

ನಿಮಗೆ ಸಾಮಾನ್ಯ ಅನಿಸಿದ್ದು ಇನ್ನೊಬ್ಬರ ರಾಜ್ಯದಲ್ಲಿ ಇರುವುದೇ ಇಲ್ಲ. ದಕ್ಷಿಣ ಡಕೋಟದ ಫೆಸೆಂಟ್ ಹಕ್ಕಿ, ಅರ್ಕನ್ಸಾದಲ್ಲಿ ನೀರು ನಿಂತ ಕಾಡಿಗೆ ಇಳಿಯುವ ಬಾತು, ಟೆಕ್ಸಸ್‌ನಲ್ಲಿ ಸೆಪ್ಟೆಂಬರ್ 1ಕ್ಕೆ ಶುರುವಾಗುವ ಬೆಳವನ ಬೇಟೆ, ವಿಸ್ಕಾನ್ಸಿನ್‌ನಲ್ಲಿ ನವೆಂಬರಿನ ಒಂಬತ್ತು ದಿನಗಳ ಜಿಂಕೆ ಸೀಸನ್, ಇವೆಲ್ಲಕ್ಕೂ ಬೇರೆ ಕಡೆ ಬೆಲೆ ಇದೆ. ಬೇಟೆಯಲ್ಲಿ ತೀರಾ ಹೊಸಬರಾದರೆ ಒಂದೆರಡು ಸೀಸನ್ ನಿಮ್ಮ ರಾಜ್ಯದಲ್ಲೇ ಕಳೆಯಿರಿ. ಜಾಗ ಗೊತ್ತಿಲ್ಲದೆ ಆತಿಥೇಯರಾಗಬೇಡಿ.

ಸಾರ್, ನಾನು ಮಡಿಕೇರಿಯವನು. ಅವರು ಅಲ್ಲಿ ಎಲ್ಕ್ ತೋರಿಸಿದರೆ ನಾನು ಇಲ್ಲಿ ಕಾಡುಹಂದಿ ತೋರಿಸಬಹುದಾ?

ಆಗುವುದಿಲ್ಲ. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯನ್ನು ನಿಷೇಧಿಸಿದೆ. ಆ ಕಾಯ್ದೆಯ ಪ್ರಕಾರ ಹಿಡಿಯುವುದು, ಉರುಳು ಹಾಕುವುದು, ಅದಕ್ಕೆ ಪ್ರಯತ್ನ ಪಡುವುದೂ ಬೇಟೆಯೇ. ಮೊದಲ ಪಟ್ಟಿಯ ಪ್ರಾಣಿಯಾದರೆ 3ರಿಂದ 7 ವರ್ಷ ಜೈಲು. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಕೋವಿ ಲೈಸೆನ್ಸಿನಿಂದ 2029ರವರೆಗೆ ವಿನಾಯಿತಿ ಇದೆ, ನಿಜ. ಅದು ಕೋವಿ ಇಟ್ಟುಕೊಳ್ಳಲು. ಕೊಡಗಿನ ಆಯುಧ ಹಬ್ಬವಾದ ಕೈಲ್‌ಪೊಳ್ದ್‌ನಲ್ಲಿ ಪೂಜೆ ಮಾಡುವ ಕೋವಿಯಿಂದ ಕಾಡಿನಲ್ಲಿ ಈಡು ಹೊಡೆಯಲು ಅದು ಅನುಮತಿ ಅಲ್ಲ.

ಅಮೆರಿಕದ ಸ್ನೇಹಿತರು ನಿಮ್ಮಲ್ಲಿಗೆ ಬಂದರೆ ತೋಟ ತೋರಿಸಿ, ಹಕ್ಕಿ ತೋರಿಸಿ, ಪಂದಿಕರಿ ಮಾಡಿ ಬಡಿಸಿ, ಸಾಕಿದ ಹಂದಿಯದು. ಅದನ್ನೇ ಬದಲಿ ಅಂತ ಸಂತೋಷವಾಗಿ ಒಪ್ಪಿಕೊಳ್ಳುವವರು ಇದ್ದಾರೆ. ಬೇಟೆಗೆ ಬೇಟೆ ಅನ್ನುವ ಬದಲಿ ಮಾತ್ರ ಭಾರತದಿಂದ ಸಾಧ್ಯವಿಲ್ಲ.

## ಲೈಸೆನ್ಸ್, ಕಾನೂನು

ನಾನು ಎಚ್-1ಬಿ ವೀಸಾದಲ್ಲಿದ್ದೇನೆ. ಕೋವಿ ಮುಟ್ಟಬಹುದಾ?

ಇದನ್ನು ನಿಧಾನವಾಗಿ ಓದಿ. ಅಮೆರಿಕದ ಕೇಂದ್ರ ಕಾನೂನಿನ ಪ್ರಕಾರ ತಾತ್ಕಾಲಿಕ ವೀಸಾದಲ್ಲಿ ಇರುವವರು ಕೋವಿಯಾಗಲಿ ತೋಟಾವಾಗಲಿ ಇಟ್ಟುಕೊಳ್ಳುವಂತಿಲ್ಲ. ಕೆಲಸದ ಎಚ್-1ಬಿ, ವಿದ್ಯಾರ್ಥಿಗಳ ಎಫ್-1 ಎಲ್ಲ ಇದರಲ್ಲಿ ಬರುತ್ತವೆ. ಆದರೆ ವಿನಾಯಿತಿ ಇದೆ. ಅಮೆರಿಕದ ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಲೈಸೆನ್ಸ್ ನಿಮ್ಮ ಹೆಸರಿನಲ್ಲಿದ್ದರೆ ಆ ನಿಷೇಧ ನಿಮಗೆ ಅನ್ವಯಿಸುವುದಿಲ್ಲ. ಅಂದರೆ ಲೈಸೆನ್ಸ್ ಮೊದಲು, ಕೋವಿ ಆಮೇಲೆ. ಲೈಸೆನ್ಸ್ ಅವಧಿ ಮುಗಿದ ಮಾರನೇ ದಿನ ಅದೇ ಕೋವಿ ಅಪರಾಧದ ಸಾಕ್ಷಿ ಆಗಬಹುದು.

ಕೋವಿಗೆ ಸಂಬಂಧಿಸಿದ ಅಪರಾಧ ಸಾಬೀತಾದರೆ ಗಡೀಪಾರಿಗೂ ಅದು ಕಾರಣವಾಗುತ್ತದೆ. ಗ್ರೀನ್ ಕಾರ್ಡ್ ಇದ್ದವರಿಗೂ ಈ ಮಾತು ಸಲ್ಲುತ್ತದೆ. ಹಾಗಾಗಿ ವೀಸಾದಲ್ಲಿ ಇರುವವರಿಗೆ ನನ್ನ ಸಲಹೆ: ಮೊದಲ ಬದಲಿಗೆ ಮುಂಚೆ ವಲಸೆ ವಕೀಲರ ಹತ್ತಿರ ಒಂದು ಗಂಟೆ ಕೂತು ಮಾತಾಡಿ. ಅನುಮಾನ ಉಳಿದರೆ ಬಿಲ್ಲು-ಬಾಣದ ಬೇಟೆ ಕಲಿಯಿರಿ. ಲೈಸೆನ್ಸ್ ಅದಕ್ಕೂ ಬೇಕು, ಕೋವಿಯ ಆ ನಿಷೇಧ ಮಾತ್ರ ಬಿಲ್ಲಿಗೆ ಇಲ್ಲ.

ಅಲ್ಲಿನ ಸ್ನೇಹಿತ ಅವನ ಹೆಸರಲ್ಲೇ ಲೈಸೆನ್ಸ್ ತಗೊಂಡರೆ ಅಗ್ಗ ಆಗುತ್ತಲ್ವಾ?

ಆಗುತ್ತದೆ, ಮತ್ತು ಅದು ಅಪರಾಧ. ಇಲ್ಲಿ ಕಾಡುಪ್ರಾಣಿಗಳನ್ನು ನೋಡಿಕೊಳ್ಳುವುದು ಆಯಾ ರಾಜ್ಯ. ತನ್ನ ನಿವಾಸಿಗೆ ಒಂದು ಬೆಲೆ, ಹೊರಗಿನವರಿಗೆ ಇನ್ನೊಂದು. ಟೆಕ್ಸಸ್‌ನ ನಿವಾಸಿಗೆ 25 ಡಾಲರ್ ಆಗುವ ಲೈಸೆನ್ಸ್ ಹೊರಗಿನವರಿಗೆ 315. ಕೊಲೊರಾಡೊದಲ್ಲಿ ಹೊರಗಿನವರ ಎಲ್ಕ್ ಲೈಸೆನ್ಸ್ 800 ಡಾಲರ್ ಆಸುಪಾಸು. ಹೊಟ್ಟೆ ಉರಿಯುತ್ತದೆ, ಒಪ್ಪುತ್ತೇನೆ. ಆದರೆ ರಾಜ್ಯದ ವನ್ಯಜೀವಿ ಇಲಾಖೆ ನಡೆಯುವುದೇ ಹೆಚ್ಚಾಗಿ ಆ ದುಡ್ಡಿನಲ್ಲಿ. ಜೊತೆಗೆ ಕೋವಿ, ತೋಟಾ ಮಾರಾಟದ ಮೇಲೆ 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆಯ ತೆರಿಗೆಯೂ ರಾಜ್ಯಗಳಿಗೆ ಹಂಚಿಕೆಯಾಗುತ್ತದೆ.

ಅಡ್ಡದಾರಿ ಹಿಡಿದರೆ ಪೆಟ್ಟು ದೊಡ್ಡದು. ರಾಜ್ಯದ ನಿಯಮ ಮುರಿದು ಹೊಡೆದ ಪ್ರಾಣಿಯನ್ನು ಗಡಿ ದಾಟಿಸಿದರೆ 1900ರ ಲೇಸಿ ಕಾಯ್ದೆ ಬರುತ್ತದೆ, ಅದು ಕೇಂದ್ರದ ಮೊಕದ್ದಮೆ. ಅಲ್ಲದೆ ಬಹುತೇಕ ಎಲ್ಲ ರಾಜ್ಯಗಳೂ ಒಂದು ಒಪ್ಪಂದದಲ್ಲಿವೆ. ಒಂದು ಕಡೆ ಲೈಸೆನ್ಸ್ ರದ್ದಾದರೆ ಉಳಿದ ಕಡೆಯೂ ಬಾಗಿಲು ಮುಚ್ಚುತ್ತದೆ. ಇಬ್ಬರ ಪಾಲಿಗೂ!

ದುಡ್ಡೇ ತಗೊಳ್ಳಲ್ವಲ್ಲ, ಮತ್ತೆ ಗೈಡ್ ಲೈಸೆನ್ಸ್ ಯಾಕೆ ಕೇಳ್ತಾರೆ?

ಬದಲಿಯ ನಿಜವಾದ ಗಂಟು ಇಲ್ಲಿದೆ. ಬಹಳ ಜನ ಇದನ್ನು ಓದದೇ ಮುಂದೆ ಹೋಗುತ್ತಾರೆ.

ಹಲವು ರಾಜ್ಯಗಳಲ್ಲಿ ಪ್ರತಿಫಲಕ್ಕಾಗಿ ಬೇರೆಯವರನ್ನು ಬೇಟೆಗೆ ಕರೆದೊಯ್ಯುವವರು ಗೈಡ್ ಅಥವಾ ಔಟ್‌ಫಿಟರ್ (ಬೇಟೆಯ ಏರ್ಪಾಟು ಮಾಡಿಕೊಡುವ ವ್ಯಾಪಾರಿ) ಅಂತ ನೋಂದಾಯಿಸಬೇಕು. ಪ್ರತಿಫಲ ಅಂದರೆ ನಗದು ಮಾತ್ರ ಅಲ್ಲ. ಬೆಲೆ ಬಾಳುವ ಯಾವುದನ್ನು ಕೊಟ್ಟರೂ ಅದು ಪ್ರತಿಫಲ ಆಗಬಹುದು. "ನೀನು ನನ್ನನ್ನು ಕರೆದುಕೊಂಡು ಹೋದರೆ ಮಾತ್ರ ನಾನು ನಿನ್ನನ್ನು ಕರೆದುಕೊಂಡು ಹೋಗುತ್ತೇನೆ" ಅನ್ನುವ ಕರಾರು ಕೆಲವು ಕಡೆ ಆ ಗೆರೆಯ ಹತ್ತಿರಕ್ಕೆ ಬರುತ್ತದೆ. ರಾಷ್ಟ್ರೀಯ ಅರಣ್ಯದಲ್ಲಿ, ಬಿಎಲ್‌ಎಂ (ಕೇಂದ್ರದ ಭೂ ನಿರ್ವಹಣಾ ಇಲಾಖೆ) ಜಮೀನಿನಲ್ಲಿ ದುಡಿಮೆಗಾಗಿ ಗೈಡ್ ಕೆಲಸ ಮಾಡುವವರಿಗೆ ಕೇಂದ್ರದ ಪ್ರತ್ಯೇಕ ಪರವಾನಗಿಯೂ ಬೇಕು.

ವ್ಯೋಮಿಂಗ್ ಉದಾಹರಣೆ ನೋಡಿ. ಅಲ್ಲಿ ಕೇಂದ್ರ ಸರ್ಕಾರ ವೈಲ್ಡರ್‌ನೆಸ್ (ರಸ್ತೆ, ಕಟ್ಟಡ ಇಲ್ಲದೆ ಕಾಡಾಗಿಯೇ ಉಳಿಸಿದ ಜಾಗ) ಎಂದು ಗುರುತಿಸಿದ ಕಾಡಿನೊಳಗೆ ಹೊರರಾಜ್ಯದವರು ದೊಡ್ಡ ಪ್ರಾಣಿಗಳನ್ನು ಬೇಟೆಯಾಡಬೇಕಾದರೆ ಲೈಸೆನ್ಸ್ ಇರುವ ಗೈಡ್ ಜೊತೆಗಿರಬೇಕು. ಇಲ್ಲದಿದ್ದರೆ ಸ್ಥಳೀಯ ನಿವಾಸಿಯೊಬ್ಬರು ಬಿಟ್ಟಿಯಾಗಿ ಸಿಗುವ ವಿಶೇಷ ಪರವಾನಗಿ ಪಡೆದು ಜೊತೆಗೆ ಹೋಗಬಹುದು. ಆ ನಿವಾಸಿ ಇದಕ್ಕೆ ಪ್ರತಿಫಲ ತೆಗೆದುಕೊಳ್ಳುವಂತಿಲ್ಲ. ಬದಲಿ ಬೇಟೆಯ ಕರಾರು ಪ್ರತಿಫಲ ಹೌದೋ ಅಲ್ಲವೋ ಅಂತ ನೀವೇ ತೀರ್ಮಾನಿಸಿಕೊಂಡು ಹೋಗಬೇಡಿ. ಆ ಜಾಗವನ್ನು ಬದಲಿಗೆ ಇಟ್ಟುಕೊಳ್ಳದೇ ಇರುವುದೇ ಮೇಲು, ವೈಲ್ಡರ್‌ನೆಸ್ ಅಲ್ಲದ ಸಾರ್ವಜನಿಕ ಕಾಡು ವ್ಯೋಮಿಂಗ್‌ನಲ್ಲಿ ಬೇಕಾದಷ್ಟಿದೆ.

ಉಳಿದ ರಾಜ್ಯಗಳಿಗೆ ಒಂದೇ ದಾರಿ. ಆ ರಾಜ್ಯದ ಔಟ್‌ಫಿಟರ್ ಮಂಡಳಿಗೆ ಇಮೇಲ್ ಕಳಿಸಿ, ನೀವು ಮಾಡುವುದನ್ನು ಇದ್ದಂತೆ ವಿವರಿಸಿ, ಉತ್ತರವನ್ನು ಇಟ್ಟುಕೊಳ್ಳಿ. ಇಬ್ಬರು ಬೇಟೆಗಾರರು ತಂತಮ್ಮ ಲೈಸೆನ್ಸ್ ಹಿಡಿದು, ಖರ್ಚು ಹಂಚಿಕೊಂಡು, ಒಟ್ಟಿಗೆ ಬೇಟೆ ಆಡುವುದು ಬೇರೆ. ಒಬ್ಬರು ಗಿರಾಕಿಯಾಗಿ ಬಂದು ಇನ್ನೊಬ್ಬರು ಸೇವೆ ಮಾಡುವುದು ಬೇರೆ. ನಿಮ್ಮ ಬದಲಿ ಮೊದಲನೆಯದರ ಹಾಗೆ ಇರಲಿ, ಮಾತಿನಲ್ಲೂ ನಡತೆಯಲ್ಲೂ.

ನನ್ನದೇ ರಾಂಚ್ ಇದೆ. ನನ್ನ ಜಮೀನಿಗೆ ನಾನು ಯಾರನ್ನು ಬೇಕಾದರೂ ಕರೀಬಹುದಲ್ವಾ?

ಸ್ನೇಹಿತರನ್ನು ಸುಮ್ನೆ ಕರೆದರೆ ತೊಂದರೆ ಇಲ್ಲ. ಆದರೆ ಟೆಕ್ಸಸ್‌ನಲ್ಲಿ ದುಡ್ಡಿಗಾಗಿ ಅಥವಾ ಬೇರೆ ಪ್ರತಿಫಲಕ್ಕಾಗಿ ಬೇಟೆಗೆ ಜಮೀನು ಬಿಟ್ಟುಕೊಡುವ ಮಾಲೀಕರು ಹಂಟಿಂಗ್ ಲೀಸ್ ಲೈಸೆನ್ಸ್ ಪಡೆಯಬೇಕು. ಅದು ಪಡೆಯಲು ಕಷ್ಟದ ಕಾಗದವೇನಲ್ಲ. ಅನುಮಾನ ಇದ್ದರೆ ಪಡೆದುಬಿಡಿ.

ಜಮೀನು ನಿಮ್ಮದಲ್ಲ, ನೀವು ಲೀಸಿಗೆ ಪಡೆದದ್ದು ಅನ್ನುವುದಾದರೆ ಮೊದಲು ಕರಾರು ಪತ್ರ ತೆಗೆದು ಓದಿ. ಅತಿಥಿಗೆ ಅವಕಾಶ ಇದೆಯಾ, ಅತಿಥಿ ಹೊಡೆದ ಪ್ರಾಣಿ ನಿಮ್ಮ ಲೆಕ್ಕಕ್ಕೆ ಸೇರುತ್ತದಾ, ಜೊತೆಗಾರ ಲೀಸ್‌ದಾರರು ಒಪ್ಪಿದ್ದಾರಾ ಎಂದು ನೋಡಿ. ಲೀಸಿನವರ ನಡುವೆ ಜಗಳ ಹುಟ್ಟುವುದು ಅತಿಥಿಗಳಿಂದಲೇ ಜಾಸ್ತಿ.

ಅಲಾಸ್ಕಾದಲ್ಲಿ ನನ್ನ ಚಿಕ್ಕಪ್ಪನ ಮಗ ಇದ್ದಾನೆ. ಅವನ ಜೊತೆ ಕರಡಿ ಬೇಟೆಗೆ ಹೋಗಬಹುದಾ?

ಅಲಾಸ್ಕಾದಲ್ಲಿ ಕಂದು ಕರಡಿ, ಡಾಲ್ ಎಂಬ ಕಾಡುಕುರಿ, ಬೆಟ್ಟದ ಮೇಕೆ ಈ ಮೂರಕ್ಕೆ ಹೊರರಾಜ್ಯದವರು ಒಬ್ಬರೇ ಹೋಗುವಂತಿಲ್ಲ. ಲೈಸೆನ್ಸ್ ಇರುವ ಗೈಡ್ ಬೇಕು, ಇಲ್ಲವೇ 19 ವರ್ಷ ತುಂಬಿದ, ಅಲಾಸ್ಕಾದಲ್ಲೇ ನೆಲೆಸಿದ ಹತ್ತಿರದ ನೆಂಟರು ಜೊತೆಗಿರಬೇಕು. ಹತ್ತಿರ ಅಂದರೆ ಅಪ್ಪ-ಅಮ್ಮ, ಗಂಡ-ಹೆಂಡತಿ, ಮಕ್ಕಳು, ಒಡಹುಟ್ಟಿದವರು, ಅಜ್ಜ-ಅಜ್ಜಿ, ಮೊಮ್ಮಕ್ಕಳು, ಅತ್ತೆ-ಮಾವ, ಅಳಿಯ-ಸೊಸೆ, ಭಾವ-ನಾದಿನಿ, ಇಷ್ಟರೊಳಗೆ. ಚಿಕ್ಕಪ್ಪನ ಮಗ ನಮಗೆ ತಮ್ಮನೇ ಆದರೂ ಆ ಪಟ್ಟಿಯಲ್ಲಿ ಇಲ್ಲ. ಚಿಕ್ಕಪ್ಪನೂ ಇಲ್ಲ, ಸೋದರಮಾವನೂ ಇಲ್ಲ. ಅಮೆರಿಕದ ಪ್ರಜೆಯೂ ಅಲ್ಲದ, ಇಲ್ಲಿನ ನಿವಾಸಿಯೂ ಅಲ್ಲದ ವಿದೇಶಿಯರಿಗೆ ನಿಯಮ ಇನ್ನೂ ಬಿಗಿ: ಯಾವ ದೊಡ್ಡ ಪ್ರಾಣಿಗೆ ಹೋದರೂ ಗೈಡ್ ಬೇಕೇ ಬೇಕು.

ಬದಲಿಗೆ ತೆರಿಗೆ ಕಟ್ಟಬೇಕಾ?

ಸಾಮಾನ್ಯವಾಗಿ ಬೇಡ. ವಸ್ತು ವಿನಿಮಯಕ್ಕೂ ಆದಾಯ ತೆರಿಗೆ ಇದೆ ಅನ್ನುವುದು ಇಲ್ಲಿನ ತೆರಿಗೆ ಇಲಾಖೆಯಾದ ಐಆರ್‌ಎಸ್ ನಿಯಮ. ಆದರೆ ವ್ಯಾಪಾರದ ಉದ್ದೇಶವಿಲ್ಲದೆ ಒಂದೇ ರೀತಿಯ ಸೇವೆಯನ್ನು ಅನೌಪಚಾರಿಕವಾಗಿ ಬದಲಿ ಮಾಡಿಕೊಳ್ಳುವುದನ್ನು ಅದು ವಿನಿಮಯ ಎಂದು ಎಣಿಸುವುದಿಲ್ಲ. ನೀವು ಗೈಡ್ ಆಗಿ ದುಡಿಯುವವರಾಗಿದ್ದರೆ ಲೆಕ್ಕಪರಿಶೋಧಕರನ್ನು ಕೇಳಿ.

## ಒಪ್ಪಂದ ಮಾಡಿಕೊಳ್ಳುವಾಗ

ಒಂದು ಹಂದಿಗೆ ಒಂದು ಎಲ್ಕ್ ಸಮ ಆಗುತ್ತಾ? ಲೆಕ್ಕ ಹೇಗೆ ಹಾಕೋದು?

ಪ್ರಾಣಿಗೆ ಪ್ರಾಣಿ ಅಂತ ಲೆಕ್ಕ ಹಾಕಿದರೆ ಯಾವ ಬದಲಿಯೂ ಸಮ ಆಗುವುದಿಲ್ಲ. ಮಾರುಕಟ್ಟೆ ಬೆಲೆ ಹಿಡಿದು ಹೋದರೂ ಆಗುವುದಿಲ್ಲ. ಎಲ್ಕ್ ಕಡೆಯವರೇ ಯಾವಾಗಲೂ ಮೇಲೆ ಕೂರುತ್ತಾರೆ. ನಾನು ನಂಬುವ ಅಳತೆ ಒಂದೇ, ಆತಿಥೇಯರು ನಿಮಗಾಗಿ ಎತ್ತಿಟ್ಟ ದಿನಗಳು ಮತ್ತು ಪಟ್ಟ ಶ್ರಮ.

ಕೊಲೊರಾಡೊದವರು ಐದು ದಿನ ರಜೆ ಹಾಕಿ, ಮುಂಚೆಯೇ ಹೋಗಿ ಜಾಡು ನೋಡಿ ಬಂದು, ನಿಮ್ಮ ಜೊತೆ 10,000 ಅಡಿ ಎತ್ತರದಲ್ಲಿ ಮಾಂಸ ಹೊತ್ತರೆ, ಅದಕ್ಕೆ ಟೆಕ್ಸಸ್‌ನ ಒಂದು ಶನಿವಾರದ ಹಂದಿ ಬೇಟೆ ಸಾಟಿಯಲ್ಲ. ಐದು ದಿನ ಕೊಡಿ. ಬಿಳಿಬಾಲದ ಜಿಂಕೆ, ಹಂದಿ ಎರಡನ್ನೂ ಸೇರಿಸಿ. ಇಲ್ಲವೇ ಎರಡು ಚಳಿಗಾಲ ಕರೆಯಿರಿ. ಅವರ ಮಗಳನ್ನೂ ಕರೆದುಕೊಂಡು ಬರಲು ಹೇಳಿ.

ಪ್ರಾಣಿ ಸಿಗಲಿ ಸಿಗದಿರಲಿ, ಬದಲಿ ಪೂರ್ತಿಯಾದಂತೆ. ಇದನ್ನು ಮೊದಲೇ ಇಬ್ಬರೂ ಬಾಯಿಬಿಟ್ಟು ಹೇಳಬೇಕು. ಎಲ್ಕ್ ಬೇಟೆಗೆ ಹೋದವರಲ್ಲಿ ಹೆಚ್ಚಿನವರು ಬರಿಗೈಯಲ್ಲಿ ವಾಪಸ್ಸಾಗುತ್ತಾರೆ, ಟೆಕ್ಸಸ್‌ನಲ್ಲಿ ಪ್ರಾಣಿಗಳಿಗೆ ಮೆಕ್ಕೆಜೋಳ ಉದುರಿಸುವ ಫೀಡರ್ ಎದುರು ಅಟ್ಟಣೆಯಲ್ಲಿ ಕೂತವರಿಗೆ ಜಿಂಕೆಯಾದರೂ ಕಾಣುತ್ತದೆ. ಸಿಕ್ಕಿದ್ದನ್ನು ತೂಗಿ ನೋಡುವವರು ಬದಲಿಗೆ ಇಳಿಯಬಾರದು.

ಮುಖ ಪರಿಚಯ ಇಲ್ಲದವನ ಜೊತೆ ಕೋವಿ ಹಿಡ್ಕೊಂಡು ಕಾಡಿಗೆ ಹೋಗೋದು ಹೇಗೆ?

ಹಾಗೆ ಹೋಗಬೇಡಿ. ಮೊದಲು ವಿಡಿಯೋ ಕರೆಯಲ್ಲಿ ಮಾತಾಡಿ, ಒಂದಲ್ಲ, ನಾಲ್ಕಾರು ಸಲ. ಅವರ ಜೊತೆ ಬೇಟೆ ಆಡಿದ ಇಬ್ಬರ ಹತ್ತಿರ ವಿಚಾರಿಸಿ. ಮೊದಲ ಬದಲಿ ಚಿಕ್ಕದಿರಲಿ: ಎರಡು ದಿನದ ಬೆಳವ ಅಥವಾ ಫೆಸೆಂಟ್ ಬೇಟೆ. ಮೊದಲ ದಿನ ಕಾಡಿಗಿಂತ ಮೊದಲು ಶೂಟಿಂಗ್ ರೇಂಜಿಗೆ ಹೋಗಿ. ಕೋವಿಯ ನಳಿಗೆ ಯಾವ ಕಡೆ ತಿರುಗಿಸುತ್ತಾರೆ, ತೋಟಾ ಯಾವಾಗ ತುಂಬುತ್ತಾರೆ, ಬೇಲಿ ದಾಟುವಾಗ ಕೋವಿ ಖಾಲಿ ಮಾಡುತ್ತಾರಾ ಅಂತ ನೋಡಿದರೆ ಮನುಷ್ಯರು ಅರ್ಧ ಗಂಟೆಯಲ್ಲಿ ಗೊತ್ತಾಗುತ್ತಾರೆ.

ಮುಂಗಡ ದುಡ್ಡು ಕೇಳಿದರೆ ಅದು ಬದಲಿಯಲ್ಲ. ಅಲ್ಲಿಗೇ ನಿಲ್ಲಿಸಿ.

ಹೋದ ವರ್ಷ ನಾನು ಕರೆದುಕೊಂಡು ಹೋದೆ. ಈ ವರ್ಷ ನನಗೆ ಲಾಟರಿಯಲ್ಲಿ ಟ್ಯಾಗೇ ಬರಲಿಲ್ಲ. ಈಗ?

ಪಶ್ಚಿಮದ ರಾಜ್ಯಗಳಲ್ಲಿ ಇದು ಆಗಿಯೇ ಆಗುತ್ತದೆ. ದೊಡ್ಡ ಪ್ರಾಣಿಗಳ ಟ್ಯಾಗ್ ಬಹಳ ಕಡೆ ಡ್ರಾ ಮೂಲಕ. ಕೊಲೊರಾಡೊ, ವ್ಯೋಮಿಂಗ್‌ಗಳಲ್ಲಿ ಪಾಯಿಂಟ್ ಪದ್ಧತಿ ಇದೆ: ಟ್ಯಾಗ್ ಸಿಗದ ವರ್ಷ ಪಾಯಿಂಟ್ ಸೇರಿಸಿಕೊಳ್ಳಬಹುದು, ಜಾಸ್ತಿ ಪಾಯಿಂಟ್ ಇದ್ದವರು ಮುಂದಕ್ಕೆ ಬರುತ್ತಾರೆ. ನ್ಯೂ ಮೆಕ್ಸಿಕೊದಲ್ಲಿ ಪಾಯಿಂಟ್ ಇಲ್ಲ, ಹಳಬರಿಗೂ ಹೊಸಬರಿಗೂ ಅದೃಷ್ಟ ಒಂದೇ. ಕೊಲೊರಾಡೊದ ಪಶ್ಚಿಮ ಭಾಗದಲ್ಲಿ ಹೊರರಾಜ್ಯದವರಿಗೆ ನೇರವಾಗಿ ಸಿಗುತ್ತಿದ್ದ ಬಿಲ್ಲಿನ ಎಲ್ಕ್ ಲೈಸೆನ್ಸ್ ಕೂಡ 2025ರಿಂದ ಡ್ರಾಗೆ ಬಂತು. ನಿಯಮ ಹೀಗೆ ನಡುವೆ ಬದಲಾಗುತ್ತದೆ.

ಹಾಗಾಗಿ ಒಪ್ಪಂದದಲ್ಲೇ ಬರೆದುಕೊಳ್ಳಿ: ಟ್ಯಾಗ್ ಬರದಿದ್ದರೆ ಮುಂದಿನ ವರ್ಷಕ್ಕೆ, ಅಥವಾ ಡ್ರಾ ಬೇಡದ ಬೇರೆ ಬೇಟೆಗೆ. ಒಟ್ಟು ಮೂರು ವರ್ಷದೊಳಗೆ ಬಾಕಿ ತೀರಬೇಕು ಅನ್ನುವ ಮಿತಿ ಒಳ್ಳೆಯದು. ಅರ್ಜಿ ಹಾಕುವ ಕೊನೆ ದಿನಗಳು ಬೇಟೆಗೆ ಎಷ್ಟೋ ತಿಂಗಳು ಮೊದಲೇ ಬರುತ್ತವೆ, ಕೊಲೊರಾಡೊದ್ದು ಏಪ್ರಿಲ್ ಮೊದಲ ವಾರದಲ್ಲಿ. ಆ ದಿನಾಂಕ ಅತಿಥಿಗೆ ನೆನಪಿಸುವುದು ಆತಿಥೇಯರ ಕೆಲಸ ಅಂತ ನಾನು ಭಾವಿಸುತ್ತೇನೆ. ಊರು ಅವರದು ತಾನೆ.

ಸ್ನೇಹಿತರ ನಡುವೆ ಬರವಣಿಗೆ ಯಾಕೆ? ನಂಬಿಕೆ ಇಲ್ವಾ?

ನಂಬಿಕೆ ಇದೆ, ನೆನಪು ಮಾತ್ರ ಇಬ್ಬರಿಗೂ ಬೇರೆ ಬೇರೆ ಇರುತ್ತದೆ. ವಕೀಲರು ಬೇಡ, ಒಂದು ಪುಟದ ಇಮೇಲ್ ಸಾಕು. ಯಾವ ಪ್ರಾಣಿ, ಗಂಡೋ ಹೆಣ್ಣೋ, ಯಾವ ವಾರ, ಎಷ್ಟು ದಿನ, ಎಲ್ಲಿ ಮಲಗುವುದು, ಯಾರ ಖರ್ಚು ಯಾವುದು, ಮಾಂಸದ ಪಾಲು ಹೇಗೆ, ಗಾಯವಾಗಿ ಕಳೆದ ಪ್ರಾಣಿಯನ್ನು ಹೇಗೆ ಎಣಿಸುವುದು, ಕಾಯಿಲೆ ಬಿದ್ದರೆ ಏನು ಎಂದು ಬರೆಯಿರಿ. ಕುಡಿತದ ಬಗ್ಗೆಯೂ ಒಂದು ಸಾಲು ಇರಲಿ. ಕೋವಿ ಹೊರಗಿರುವಾಗ ಬಾಟಲಿ ಹೊರಗೆ ಬರಬಾರದು ಅಂತ ಬರೆದುಕೊಳ್ಳಲು ಸಂಕೋಚ ಬೇಡ.

## ಹೊರಡುವಾಗ, ಕಾಡಿನಲ್ಲಿ

ಕೋವಿಯನ್ನ ವಿಮಾನದಲ್ಲಿ ತಗೊಂಡು ಹೋಗಬಹುದಾ?

ಹೋಗಬಹುದು. ತೋಟಾ ತೆಗೆದು, ಗಟ್ಟಿ ಪೆಟ್ಟಿಗೆಯಲ್ಲಿಟ್ಟು, ಬೀಗ ಹಾಕಿ, ಚೆಕ್-ಇನ್ ಕೌಂಟರಿನಲ್ಲಿ ಹೇಳಿ ಒಪ್ಪಿಸಬೇಕು. ಕೈಚೀಲದಲ್ಲಿ ಒಂದು ತೋಟಾ ಕೂಡ ಇರಬಾರದು, ಹಳೆಯ ಜೇಬುಗಳನ್ನೆಲ್ಲ ತಡಕಿ ನೋಡಿ. ತೋಟಾ ಸಾಮಾನ್ಯವಾಗಿ 5 ಕಿಲೋವರೆಗೆ ಬಿಡುತ್ತಾರೆ. ನ್ಯೂಯಾರ್ಕ್, ನ್ಯೂಜೆರ್ಸಿಯಂಥ ಕಠಿಣ ಕಾನೂನಿನ ಕಡೆ ರಾತ್ರಿ ತಂಗುವ ಹಾಗೆ ಟಿಕೆಟ್ ಮಾಡಬೇಡಿ.

ಆತಿಥೇಯರ ಕೋವಿಯನ್ನೇ ಬೇಟೆಗೆ ಎರವಲು ಪಡೆಯುವುದಕ್ಕೆ ಕೇಂದ್ರ ಕಾನೂನಿನಲ್ಲಿ ಅವಕಾಶ ಇದೆ. ರಾಜ್ಯದ್ದನ್ನು ನೋಡಿಕೊಳ್ಳಿ. ಎರವಲು ಕೋವಿಯಾದರೆ ಒಂದು ದಿನ ಮೊದಲೇ ಹೋಗಿ ಗುರಿ ಕೂರಿಸಿಕೊಳ್ಳಬೇಕು.

ಕೊಲೊರಾಡೊಗೆ ಹೋಗ್ತಿದ್ದೇನೆ, ಜಿಮ್‌ಗೆ ಹೋಗ್ತೀನಿ, ಸಾಕಲ್ವಾ?

ಹ್ಯೂಸ್ಟನ್ ಇರುವುದು ಸಮುದ್ರ ಮಟ್ಟದಲ್ಲಿ. ಎಲ್ಕ್ ಇರುವುದು 8,000ದಿಂದ 11,000 ಅಡಿಯಲ್ಲಿ. ಎತ್ತರದ ಕಾಯಿಲೆ ಗಟ್ಟಿಮುಟ್ಟಾದವರನ್ನೂ ಬಿಡುವುದಿಲ್ಲ. ಒಂದೆರಡು ದಿನ ಮೊದಲೇ ಹೋಗಿ, ಕೆಳಗಿನ ಊರಲ್ಲಿ ಮಲಗಿ, ನೀರು ಜಾಸ್ತಿ ಕುಡಿಯಿರಿ. ತಲೆನೋವು, ವಾಂತಿ ಶುರುವಾದರೆ ಕೆಳಗಿಳಿಯಿರಿ. ಗಟ್ಟಿ ಮನಸ್ಸು ಮಾಡಿ ಮೇಲೆ ಉಳಿಯುವುದು ಧೈರ್ಯವಲ್ಲ.

ತಯಾರಿಗೆ ಬೆನ್ನಿಗೆ 20 ಕಿಲೋ ಹೊತ್ತು ಮೆಟ್ಟಿಲು ಹತ್ತಿ ಇಳಿಯಿರಿ. ದೊಡ್ಡ ಗಂಡು ಎಲ್ಕ್‌ನ ಮೂಳೆ ಬಿಡಿಸಿದ ಮಾಂಸವೇ 90 ಕಿಲೋ ದಾಟಬಹುದು, ಅದು ಗಾಡಿಯಿಂದ ಮೂರು ಮೈಲಿ ದೂರದಲ್ಲಿ ಬಿದ್ದಿರುತ್ತದೆ. ರೈಫಲ್ ಸೀಸನ್ನಿನಲ್ಲಿ ಕಣ್ಣು ಕುಕ್ಕುವ ಕಿತ್ತಳೆ ಅಥವಾ ಗುಲಾಬಿ ಬಟ್ಟೆ 500 ಚದರ ಇಂಚು ಮೈಮೇಲೆ ಇರಬೇಕು, ತಲೆಯ ಮೇಲೂ. ವ್ಯೋಮಿಂಗ್, ಮೊಂಟಾನದ ಕರಡಿ ಕಾಡಿಗಾದರೆ ಕರಡಿ ಓಡಿಸುವ ಬೇರ್ ಸ್ಪ್ರೇ ಸೊಂಟದಲ್ಲಿರಲಿ, ಚೀಲದೊಳಗಲ್ಲ.

ಬೇರೆ ರಾಜ್ಯದಲ್ಲಿ ಯಾವ ಚಿಕ್ಕ ನಿಯಮಗಳು ಕಾಲಿಗೆ ತೊಡರುತ್ತವೆ?

ಟೆಕ್ಸಸ್‌ನಲ್ಲಿ ಮರಕ್ಕೋ ಕಂಬಕ್ಕೋ ನೇರಳೆ ಬಣ್ಣ ಉದ್ದಕ್ಕೆ ಬಳಿದಿದ್ದರೆ ಒಳಗೆ ಬರಬೇಡಿ ಅಂತ ಅರ್ಥ, ಬೋರ್ಡ್ ಇರಬೇಕಂತಿಲ್ಲ. ಅಲ್ಲಿನ ನೆಲದಲ್ಲಿ ಶೇಕಡಾ 95ರ ಆಸುಪಾಸು ಖಾಸಗಿ, ಹಾಗಾಗಿ ಗಾಯಗೊಂಡ ಪ್ರಾಣಿ ಬೇಲಿ ದಾಟಿದರೂ ಪಕ್ಕದವರನ್ನು ಕೇಳಿಯೇ ಹೋಗಬೇಕು. ದಕ್ಷಿಣ ಡಕೋಟದಲ್ಲಿ ಫೆಸೆಂಟ್ ಬೇಟೆ ಬೆಳಿಗ್ಗೆ 10ಕ್ಕೆ ಶುರು, ದಿನಕ್ಕೆ ಮೂರು ಹುಂಜ, ಹೆಣ್ಣು ಹಕ್ಕಿಗೆ ಕೈ ಹಚ್ಚುವಂತಿಲ್ಲ. ಬಾತುಕೋಳಿಗೆ ಎಲ್ಲೇ ಹೋದರೂ 16 ತುಂಬಿದವರಿಗೆ ಕೇಂದ್ರ ಸರ್ಕಾರದ 25 ಡಾಲರಿನ ಡಕ್ ಸ್ಟ್ಯಾಂಪ್ ಬೇಕು, ಬಾತಿನ ಬೇಟೆಗೆ ಸೀಸದ ಸಣ್ಣ ಗುಂಡು ಹಾಕಿದ ತೋಟಾ 1991ರಿಂದ ದೇಶದಾದ್ಯಂತ ನಿಷೇಧ. ಬೇಟೆ ಶಿಕ್ಷಣದ ಸರ್ಟಿಫಿಕೇಟ್ ಒಂದು ರಾಜ್ಯದ್ದು ಇನ್ನೊಂದರಲ್ಲಿ ನಡೆಯುತ್ತದೆ, ಆದರೆ ಮೊಂಟಾನದಂಥ ಕಡೆ ಬಿಲ್ಲಿನ ಬೇಟೆಗೆ ಬೇರೆ ಕೋರ್ಸ್ ಕೇಳುತ್ತಾರೆ.

ಇನ್ನೊಂದು: ವಿಸ್ಕಾನ್ಸಿನ್‌ನಲ್ಲಿ ಕೋವಿ ಸೀಸನ್ನಿನಲ್ಲಿ ಒಟ್ಟಿಗೆ ಇರುವ ಗುಂಪಿನಲ್ಲಿ ಒಬ್ಬರ ಟ್ಯಾಗಿಗೆ ಇನ್ನೊಬ್ಬರು ಜಿಂಕೆ ಹೊಡೆಯಬಹುದು. ಅದನ್ನೇ ರೂಢಿ ಮಾಡಿಕೊಂಡವರು ಬೇರೆ ಹೆಚ್ಚಿನ ರಾಜ್ಯಗಳಲ್ಲಿ ಹಾಗೆ ಮಾಡಿದರೆ ನೇರವಾಗಿ ಅಪರಾಧ.

ಈಡು ತಗಲಿ ಪ್ರಾಣಿ ತಪ್ಪಿಸಿಕೊಂಡರೆ ಯಾರ ಜವಾಬ್ದಾರಿ?

ಹೊಡೆದವರದು. ಹುಡುಕುವುದು ಇಬ್ಬರದೂ.

ಈ ವಿಷಯದಲ್ಲಿ ನಾನು ಯಾವ ರಿಯಾಯಿತಿಯೂ ಕೊಡುವುದಿಲ್ಲ. ಅತಿಥಿಗೆ ರಜೆ ಮುಗಿಯುತ್ತಿರುತ್ತದೆ, ವಿಮಾನದ ದುಡ್ಡು ಹೋಗಿರುತ್ತದೆ, ಕೊನೆಯ ಸಂಜೆ ದೂರದಲ್ಲಿ ಒಂದು ಎಲ್ಕ್ ಕಾಣುತ್ತದೆ. ಹೊಡೆಯಬಾರದ ಈಡು ಆಗ ಹಾರುತ್ತದೆ. ಅದಕ್ಕೇ ಮೊದಲ ದಿನ ರೇಂಜಿನಲ್ಲಿ ನೋಡಿ, ಅತಿಥಿಯ ಕೈಗೆ ನಂಬಿಕೆಯಿರುವ ದೂರ ಎಷ್ಟು ಅಂತ ಇಬ್ಬರೂ ಒಪ್ಪಿ ಗೆರೆ ಎಳೆಯಬೇಕು. 200 ಗಜ ಅಂದರೆ 200 ಗಜ. ಆತಿಥೇಯರು ಬೇಡ ಅಂದರೆ ಬೇಡ. ಆ ಪ್ರಾಣಿ ಅವರ ಕಾಡಿನದು, ನೀವು ಹೋದ ಮೇಲೆ ಅಲ್ಲಿ ಓಡಾಡುವವರು ಅವರು.

ತಗಲಿದ ಮೇಲೆ ತಕ್ಷಣ ಓಡಬೇಡಿ. ಈಡು ತಗಲಿದಾಗ ಪ್ರಾಣಿ ಇದ್ದ ಜಾಗ, ನೀವು ನಿಂತಿದ್ದ ಜಾಗ ಎರಡನ್ನೂ ಗುರುತು ಮಾಡಿ, ಕಾಯಿರಿ. ಹೊಟ್ಟೆಗೆ ತಗಲಿದ ಅನುಮಾನ ಇದ್ದರೆ ಗಂಟೆಗಟ್ಟಲೆ ಕಾಯಬೇಕು. ಅವಸರ ಮಾಡಿದರೆ ಎದ್ದು ಇನ್ನೂ ದೂರ ಹೋಗುತ್ತದೆ. ಆಮೇಲೆ ರಕ್ತದ ಜಾಡು ಹಿಡಿದು ಒಂದೊಂದೇ ಹೆಜ್ಜೆ. ಕತ್ತಲಾದರೆ ಬೆಳಿಗ್ಗೆ ಮತ್ತೆ. ಸಿಗಲೇ ಇಲ್ಲವಾದರೆ ನನ್ನ ಲೆಕ್ಕದಲ್ಲಿ ಟ್ಯಾಗ್ ಮುಗಿಯಿತು, ಆ ರಾಜ್ಯದ ಕಾನೂನು ಇನ್ನೊಂದಕ್ಕೆ ಬಿಟ್ಟರೂ ಸಹ. ಒಪ್ಪಂದದಲ್ಲಿ ಇದನ್ನು ಬರೆಯದವರ ಜೊತೆ ನಾನು ಹೋಗುವುದಿಲ್ಲ.

ಮಾಂಸ ಯಾರಿಗೆ? ಮನೆಗೆ ತರೋದು ಹೇಗೆ?

ಟ್ಯಾಗ್ ಯಾರದೋ ಮಾಂಸ ಅವರದು. ಆದರೆ ಆತಿಥೇಯರ ಮನೆಗೆ ಒಂದು ಪಾಲು ಬಿಟ್ಟು ಬರುವುದು ಮರ್ಯಾದೆ. ಪಾಲು ಕೊಟ್ಟಿದ್ದಕ್ಕೆ ಬರವಣಿಗೆಯ ಚೀಟಿ ಬೇಕಾಗುವ ರಾಜ್ಯಗಳಿವೆ, ನೋಡಿಕೊಳ್ಳಿ. ಮಾರುವಂತಿಲ್ಲ.

ಗಡಿ ದಾಟಿಸುವಾಗ ಕ್ರಾನಿಕ್ ವೇಸ್ಟಿಂಗ್ ಡಿಸೀಸ್ ನೆನಪಿರಲಿ. ಜಿಂಕೆ, ಎಲ್ಕ್‌ಗಳು ಸೊರಗಿ ಸಾಯುವ ಈ ರೋಗ ಮೊದಲು ಕಂಡದ್ದು 1967ರಲ್ಲಿ, ಕೊಲೊರಾಡೊದಲ್ಲಿ. ಮಿದುಳು, ಬೆನ್ನುಹುರಿಯಲ್ಲಿ ರೋಗ ಸೇರಿಕೊಂಡಿರುತ್ತದೆ. ಹಾಗಾಗಿ ಬಹಳ ರಾಜ್ಯಗಳು ಇಡೀ ದೇಹ ಒಳಗೆ ತರಲು ಬಿಡುವುದಿಲ್ಲ. ಮೂಳೆ ಬಿಡಿಸಿದ ಮಾಂಸ, ತಲೆ ಇಲ್ಲದ ಚರ್ಮ, ಸ್ವಚ್ಛ ಮಾಡಿದ ಕೊಂಬಿನ ಬುರುಡೆ ಇಷ್ಟನ್ನು ಬಿಡುತ್ತಾರೆ. ನಿಮ್ಮ ರಾಜ್ಯದ್ದಲ್ಲದೆ, ದಾರಿಯಲ್ಲಿ ದಾಟುವ ರಾಜ್ಯಗಳ ನಿಯಮವನ್ನೂ ನೋಡಿ. ಪರೀಕ್ಷೆಗೆ ಕೊಟ್ಟು, ರೋಗ ಇದೆ ಅಂತ ಬಂದರೆ ಆ ಮಾಂಸ ತಿನ್ನಬೇಡಿ ಅನ್ನುವುದು ಕೇಂದ್ರದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿಯ ಸಲಹೆ.

ಟೆಕ್ಸಸ್ ಹಂದಿಯದು ಬೇರೆ ಕಥೆ. ಅದರಲ್ಲಿರಬಹುದಾದ ಬ್ರುಸೆಲ್ಲೋಸಿಸ್ ಎಂಬ ರೋಗ ಮನುಷ್ಯರಿಗೂ ಹತ್ತುತ್ತದೆ, ಕೊಯ್ಯುವಾಗ ಕೈಗವಸು ಬೇಕೇ ಬೇಕು. ಬಿಸಿಲಿನ ನಾಡು, ಬೇಗ ಐಸಿಗೆ ಹಾಕಿ. ಒಳಗಿನ ಬಿಸಿ 71 ಡಿಗ್ರಿ ಸೆಲ್ಸಿಯಸ್ ಮುಟ್ಟುವವರೆಗೆ ಬೇಯಿಸಿ. ಪಂದಿಕರಿಗೆ ಹಾಕುವ ಹುಳಿ, ಕಾಚಂಪುಳಿ, ಇದ್ದವರಿಗೆ ಮುಂದಿನದ್ದು ಹೇಳಬೇಕಿಲ್ಲ.

## ಹಳಬರ ಪ್ರಶ್ನೆಗಳು

ಅವನು ತೋರಿಸಿದ ಜಾಗ ಸಾರ್ವಜನಿಕ ಕಾಡು. ಮುಂದಿನ ವರ್ಷ ನಾನೇ ಹೋದರೆ ತಪ್ಪೇನು?

ಕಾನೂನಿನಲ್ಲಿ ತಪ್ಪಿಲ್ಲ. ಆದರೆ ಹೋಗಬೇಡಿ. ಕೊಲೊರಾಡೊದಲ್ಲಿ ನೆಲದ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಕೇಂದ್ರ ಸರ್ಕಾರದ್ದು, ಯಾರು ಬೇಕಾದರೂ ಕಾಲಿಡಬಹುದು. ಆದರೆ ಅದರೊಳಗೆ ಎಲ್ಕ್ ಮಲಗುವ ಆ ಒಂದು ಮಡಿಲನ್ನು ಕಂಡುಕೊಳ್ಳಲು ಅವರು ಎಷ್ಟೋ ಸೀಸನ್ ಸವೆಸಿರುತ್ತಾರೆ. ಅದನ್ನು ನಿಮಗೆ ಕೊಟ್ಟದ್ದು ನಂಬಿ. ಕೇಳಿ ಹೋಗಿ, ಅವರು ಒಪ್ಪಿದರೆ ಮಾತ್ರ. ಬೇಟೆಗಾರರು ಬಳಸುವ ಮೊಬೈಲ್ ಆ್ಯಪ್ ಆನ್‌ಎಕ್ಸ್‌ನ ನಕ್ಷೆಯಲ್ಲಿ ಹಾಕಿದ ಗುರುತುಗಳನ್ನು ಯಾರಿಗೂ ಕಳಿಸಬೇಡಿ. ಹಿಂದೆ ಬೆಟ್ಟದ ಸಾಲು ಕಾಣುವ ಫೋಟೋ ಹಾಕುವುದೂ ಅಷ್ಟೇ ಹಾನಿ, ಗೊತ್ತಿದ್ದವರು ಸಾಲು ನೋಡಿಯೇ ಜಾಗ ಹೇಳುತ್ತಾರೆ.

ಆತಿಥೇಯ ನಿಯಮ ಮುರೀತಾನೆ ಅಂತ ಅಲ್ಲಿಗೆ ಹೋದ ಮೇಲೆ ಗೊತ್ತಾದರೆ?

ಸೂರ್ಯ ಮುಳುಗಿ ಅರ್ಧ ಗಂಟೆ ದಾಟಿದ ಮೇಲೂ ಹೊಡೆಯುವುದು, ರಸ್ತೆಯಿಂದ ಹೊಡೆಯುವುದು, ಟ್ಯಾಗ್ ಹಾಕದೆ ಸಾಗಿಸುವುದು, ಇಂಥದ್ದು ಕಂಡರೆ ಕೋವಿ ಖಾಲಿ ಮಾಡಿ, ನಿಮ್ಮ ಬೇಟೆ ಅಲ್ಲಿಗೆ ನಿಲ್ಲಿಸಿ. ಅನ್ನ ಹಾಕಿದ ಮನೆಯವರಿಗೆ ಎದುರು ಮಾತಾಡುವುದು ನಮ್ಮವರಿಗೆ ಕಷ್ಟ. ಆದರೂ ಹೇಳಿ. ಲೇಸಿ ಕಾಯ್ದೆಯಲ್ಲಿ ಇನ್ನೊಂದು ಮಾತಿದೆ. ಕಾನೂನುಬಾಹಿರ ಬೇಟೆಗೆ ದುಡ್ಡು ಅಥವಾ ಬೇರೆ ಪ್ರತಿಫಲ ಪಡೆದು ಗೈಡ್ ಮಾಡಿದರೆ, ಅದನ್ನು ಪ್ರಾಣಿಯನ್ನು ಮಾರಿದಂತೆ ಎಂದೇ ಎಣಿಸುತ್ತದೆ. ಬದಲಿಯೇ ಆ ಪ್ರತಿಫಲ ಎಂದು ಸರ್ಕಾರಿ ವಕೀಲರು ವಾದಿಸಿದರೆ ನೀವು ಸಾಕ್ಷಿಯಾಗಿ ಉಳಿಯುವುದಿಲ್ಲ, ಆರೋಪಿಯಾಗುತ್ತೀರಿ. ವೀಸಾದಲ್ಲಿ ಇರುವವರು ಇದನ್ನು ಎರಡು ಸಲ ಓದಿ.

ಮೂರು ಜನ ಸೇರಿ ಸುತ್ತು ಬದಲಿ ಮಾಡಬಹುದಾ?

ಮಾಡಬಹುದು. ಟೆಕ್ಸಸ್‌ನವರಿಗೆ ಎಲ್ಕ್ ಬೇಕು, ಕೊಲೊರಾಡೊದವರಿಗೆ ಫೆಸೆಂಟ್ ಬೇಕು, ಡಕೋಟದವರಿಗೆ ಹಂದಿ ಬೇಕು. ಕಾಗದದಲ್ಲಿ ಚೆನ್ನಾಗಿ ಕೂರುತ್ತದೆ. ತೊಂದರೆ ಏನೆಂದರೆ ನಿಮಗೆ ಬಾಕಿ ಇರುವವರು ಒಬ್ಬರು, ನೀವು ತೀರಿಸಬೇಕಾದವರು ಇನ್ನೊಬ್ಬರು. ನಡುವೆ ಒಬ್ಬರು ಕೆಲಸ ಬದಲಿಸಿ ಊರು ಬಿಟ್ಟರೆ ಸುತ್ತು ಹರಿಯುತ್ತದೆ.

ಹಾಗಾಗಿ ಮೂವರಿಗೂ ಒಬ್ಬರನ್ನೊಬ್ಬರು ಮೊದಲೇ ಗೊತ್ತಿರಬೇಕು. ಮೊದಲ ವರ್ಷ ಫೆಸೆಂಟ್ ಬೇಟೆಗೆ ಮೂವರೂ ಒಟ್ಟಿಗೆ ಹೋಗಿ. ಹೊಲದಲ್ಲಿ ಸಾಲಾಗಿ ನಡೆಯುವ ಬೇಟೆ ಅದು, ಜನ ಜಾಸ್ತಿ ಇದ್ದರೇ ಅನುಕೂಲ, ಹೊರರಾಜ್ಯದವರ ಚಿಕ್ಕ ಬೇಟೆ ಲೈಸೆನ್ಸ್ ಐದೈದು ದಿನದ ಎರಡು ಕಂತಿನಲ್ಲಿ ಸಿಗುತ್ತದೆ. ಹಂದಿ ಎರಡನೇ ವರ್ಷ. ಡ್ರಾ ಇರುವ ಎಲ್ಕ್ ಅನ್ನು ಕೊನೆಗೆ ಇಡಿ, ಅಷ್ಟರಲ್ಲಿ ಟೆಕ್ಸಸ್‌ನವರ ಹೆಸರಿನಲ್ಲಿ ಎರಡು ಪಾಯಿಂಟೂ ಸೇರಿರುತ್ತದೆ.